ಆಮೆಯ ಪುಟದಲ್ಲಿ ಅಕ್ಕು

ಮಣಿಪಾಲ
3 ಫೆಬ್ರವರಿ 2025

ಮಾನ್ಯ ದೂಮಪ್ಪನವರಿಗೆ ನಮಸ್ಕಾರ.

ನಿಮಗೆ ನನ್ನ ಪರಿಚಯ ಇಲ್ಲ. ನನ್ನ ಹೆಸರು ಸವಿತಾ. ಹೊರದೇಶದ ಹಳೆಯ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಿಕೊಡುವ ಇಲ್ಲಿಯ ಒಂದು ಕಚೇರಿಯಲ್ಲಿ ಟೈಪ್ ಮಾಡುತ್ತೇನೆ. ನಿಮ್ಮ ವಿಳಾಸ ಕೊಟ್ಟವರು ನಮ್ಮ ವಾಚ್‌ಮನ್ ಹೆರಾಲ್ಡ್. ಫೋನ್ ಮಾಡಿದರೆ ದೂಮಪ್ಪನವರಿಗೆ ಕೇಳಿಸುವುದಿಲ್ಲ, ಅವರ ಸೋದರಳಿಯ ಯಶ್ವಂತನಿಗೆ ಹೇಳಿದರೆ ಅರ್ಥವಾಗುವುದಿಲ್ಲ, ಕಾಗದವೇ ಬರೆ ಎಂದರು. ಹೈಸ್ಕೂಲಿನ ರಜಾ ಅರ್ಜಿಯ ನಂತರ ನಾನು ಕೈಯಲ್ಲಿ ಬರೆಯುತ್ತಿರುವ ಮೊದಲ ಕಾಗದ ಇದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ವಿಷಯಕ್ಕೆ ಬರುತ್ತೇನೆ. 1988ರಲ್ಲಿ ಇಲ್ಲಿನ ಒಂದು ಪ್ರೆಸ್ಸಿನಲ್ಲಿ ಅಚ್ಚಾದ ದಪ್ಪ ನಿಘಂಟೊಂದು ನನ್ನ ಮೇಜಿಗೆ ಬಂದಿದೆ. ಅದರ ಮುನ್ನುಡಿಯ ಕೊನೆಯ ಸಾಲಿನಲ್ಲಿ ಗ್ರಂಥಕರ್ತರು ‘ಅಚ್ಚುಮೊಳೆ ಜೋಡಿಸಿದ ಕಾಪುವಿನ ದೂಮಪ್ಪನವರ ತಾಳ್ಮೆಗೆ ಋಣಿ’ ಎಂದು ಬರೆದಿದ್ದಾರೆ. ಆ ಪ್ರೆಸ್ಸು ಮುಚ್ಚಿ ಇಪ್ಪತ್ತು ವರ್ಷವಾಯಿತಂತೆ. ಆದರೆ ಆ ದೂಮಪ್ಪ ನೀವೇ ಎಂದು ಹೆರಾಲ್ಡ್ ಆಣೆ ಮಾಡಿ ಹೇಳುತ್ತಾರೆ.

ನಿಘಂಟಿನ ಭಾಷೆ ನನ್ನ ತಲೆಗೆ ಹತ್ತುವುದಿಲ್ಲ. ರಷ್ಯನ್, ಪೋಲಿಷ್, ಚೆಕ್ ಭಾಷೆಗಳಿಗೆಲ್ಲ ತಾಯಿಯಾದ ಒಂದು ಭಾಷೆ ಇತ್ತಂತೆ, ಮೂಲ ಸ್ಲಾವಿಕ್ ಎಂದು. ಅದರಲ್ಲಿ ಯಾರೂ ಒಂದಕ್ಷರ ಬರೆದಿಟ್ಟಿಲ್ಲ. ಮೊಮ್ಮಕ್ಕಳ ಮುಖ ನೋಡಿ ಸತ್ತ ಅಜ್ಜಿಯ ಮೂಗು ಹೀಗಿದ್ದಿರಬೇಕು ಎನ್ನುವ ಹಾಗೆ ಪಂಡಿತರು ಅದರ ಶಬ್ದಗಳನ್ನು ಕಟ್ಟಿದ್ದಾರೆ. ಹಾಗೆ ಕಟ್ಟಿದ ಶಬ್ದದ ಮುಂದೆ ಒಂದು ನಕ್ಷತ್ರ ಇರುತ್ತದೆ. ನಕ್ಷತ್ರ ಇದ್ದರೆ, ಇದನ್ನು ಯಾರೂ ಕಣ್ಣಾರೆ ಕಂಡಿಲ್ಲ, ಆದರೆ ಇದ್ದಿರಲೇಬೇಕು ಎಂದರ್ಥ.

ನನ್ನ ತೊಂದರೆ 412ನೇ ಪುಟದಲ್ಲಿ. ಅಲ್ಲಿ ಆಮೆ ಉಂಟು. ಶಾಲೆಯಲ್ಲಿ ನಾವು ‘ಆಮೆಯು, ಆಮೆಯನ್ನು, ಆಮೆಯಿಂದ’ ಎಂದು ಬಾಯಿಪಾಠ ಮಾಡಿದ ಹಾಗೆ ಅಲ್ಲೂ ವಿಭಕ್ತಿಗಳ ಪಟ್ಟಿ. ಆಮೆಯು ಎನ್ನಲು *ಝೆಲೀ, ಆಮೆಯನ್ನು ಎನ್ನಲು *ಝೆಲುವಿ, ಆಮೆಯ ಎನ್ನಲು *ಝೆಲುವೆ. ಕನ್ನಡ ಅಕ್ಷರದಲ್ಲಿ ಅಂದಾಜಿಗೆ ಬರೆದಿದ್ದೇನೆ. ತಮಾಷೆ ಎಂದರೆ, ಕಾಲ ಹೋದ ಹಾಗೆ ‘ಆಮೆಯು’ ಎನ್ನುವ ಆ ಮೊದಲ ರೂಪ ಸತ್ತೇಹೋಯಿತಂತೆ. ಈಗ ಚೆಕ್ಕರು ಹೇಳುವ ಝೆಲ್ವಾ, ಪೋಲರು ಹೇಳುವ ಝುವ್, ಎಲ್ಲ ಉಳಿದ ರೂಪಗಳಿಂದ ಹುಟ್ಟಿದವು. ಶಬ್ದದ ಹುಟ್ಟಿನ ಬಗ್ಗೆಯೂ ಜಗಳ ಮುಗಿದಿಲ್ಲ. ಗ್ರೀಕರ ಮನೆಯಲ್ಲಿ ಇದಕ್ಕೊಬ್ಬ ದಾಯಾದಿ ಉಂಟು ಎನ್ನುತ್ತಾರೆ. ಹಳದಿ ಬಣ್ಣದಿಂದ ಬಂದದ್ದೇ ಎಂದು ಕೇಳಿದರೆ ಒಬ್ಬರು ಹೌದು, ಇನ್ನೊಬ್ಬರು ಅಲ್ಲ.

ಮಕ್ಕಳ ಭಾಷೆಗಳ ಶಬ್ದಗಳನ್ನು ಸಾಲಾಗಿ ಕೊಡುವಾಗ, ಏಳನೇ ಸಾಲಿನಲ್ಲಿ, ಚೆಕ್, ಪೋಲಿಷ್, ಸ್ಲೊವೇನಿಯನ್ ಆದ ಮೇಲೆ ‘ಕೆಪಿ. ಅಕ್ಕು’ ಎಂದು ಇದೆ. ಕೆಪಿ ಎಂಬ ಭಾಷೆ ಸಂಕ್ಷೇಪಗಳ ಪಟ್ಟಿಯಲ್ಲಿ ಇಲ್ಲ. ಅಕ್ಕು ಎಂಬ ಆಮೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ಹೊಸ ಮುದ್ರಣ ತರುತ್ತಿರುವ ಹೊರದೇಶದ ಸಂಪಾದಕರು ಇದೇನು ಎಂದು ಕೇಳಿದ್ದಾರೆ. ಏಪ್ರಿಲ್ ಏಳರೊಳಗೆ ಉತ್ತರ ಕೊಡಬೇಕು. ನಮ್ಮ ಸೂಪರ್‌ವೈಸರ್ ಲಾಯ್ಡ್ ಸರ್, ಉತ್ತರದ ಕೆಳಗೆ ನಿನ್ನ ಹೆಸರೇ ಇರುತ್ತದೆ, ನಿನ್ನನ್ನು ಕಾಯಂ ಮಾಡುವ ತಿಂಗಳೂ ಅದೇ ಎಂದು ನೆನಪಿಸಿದ್ದಾರೆ.

ನಿಮಗೆ ಏನಾದರೂ ನೆನಪುಂಟೇ?

ವಂದನೆಗಳೊಂದಿಗೆ,
ಸವಿತಾ

ಅಜೆಕಾರು
11 ಫೆಬ್ರವರಿ 2025

ಸವಿತಾ ಅವರಿಗೆ,

ಕಾಗದ ತಲುಪಿತು. ಕಾಗದಕ್ಕೆ ಕಾಗದದಲ್ಲಿ ಉತ್ತರ ಬರೆಯುವವ ಈ ಊರಿನಲ್ಲಿ ನಾನೊಬ್ಬನೇ ಇರಬೇಕು. ಯಶ್ವಂತ್ ಮೂರು ಸಲ ಕವರು ತಿರುಗಿಸಿ ನೋಡಿ, ಕೋರ್ಟಿನದ್ದಾ ಮಾಮ ಎಂದು ಕೈಸನ್ನೆ ಮಾಡಿದ.

ಹೆರಾಲ್ಡ್ ಇನ್ನೂ ಬದುಕಿದ್ದಾನೆ ಎಂದು ತಿಳಿದು ಸಂತೋಷ. ಅವನಿಗೆ ನನ್ನದೊಂದು ಕೊಡೆ ವಾಪಸು ಕೊಡಲು ಉಂಟು ಎಂದು ಹೇಳಿ.

ನಿಮ್ಮ ಪ್ರಶ್ನೆಗೆ ಉತ್ತರ ಸುಲಭ. ಅಲ್ಲಿ ಭಾಷೆಯೂ ಇಲ್ಲ, ಆಮೆಯೂ ಇಲ್ಲ. ಆ ಪುಸ್ತಕದ ವಿಚಿತ್ರ ಅಕ್ಷರಗಳ ಮೊಳೆಗಳು ನಮ್ಮಲ್ಲಿ ಒಂದು ಹಿಡಿಯಷ್ಟು ಮಾತ್ರ ಇದ್ದವು. ಒಂದು ಪುಟ ಅಚ್ಚಾದ ಮೇಲೆ ಅದನ್ನು ಬಿಡಿಸಿ, ಒಂದೊಂದು ಮೊಳೆಯನ್ನೂ ಅದರದರ ಗೂಡಿಗೆ ಹಾಕಿದರೆ ಮಾತ್ರ ಮುಂದಿನ ಪುಟಕ್ಕೆ ಅಕ್ಷರ. ತಿದ್ದುಪಡಿ ಬಾಕಿ ಇರುವ ಪುಟವನ್ನು ಬಿಡಿಸಬಾರದು. ಮೆಷಿನ್ನಿನ ಸದ್ದಿನಲ್ಲಿ ಬಾಯಿ ಹರಿದುಕೊಂಡರೂ ಕೇಳುವುದಿಲ್ಲ. ಹಾಗಾಗಿ ಪುಟದೊಳಗೇ ಒಂದು ತುಂಡು ಮೊಳೆ ಸೇರಿಸುತ್ತಿದ್ದೆ. ಕೆಪಿ ಎಂದರೆ ಇಂಗ್ಲಿಷಿನ ಕೀಪ್. ಇಡು, ಬಿಡಿಸಬೇಡ ಎಂದು.

ಮೊಳೆ ಬಿಡಿಸುವ ಕೆಲಸ ಅಕ್ಕು ಎಂಬವಳಿಗೆ ಕೊಟ್ಟಿತ್ತು, ಅದಕ್ಕೇ ತುಂಡಿನಲ್ಲಿ ಆ ಹೆಸರು. ಪುಟ ಮೆಷಿನ್ನಿಗೆ ಹೋಗುವ ಮೊದಲು ಆ ತುಂಡನ್ನು ಕಿತ್ತು ತೆಗೆಯಲು ಕೂಡ ಅವಳಿಗೇ ಹೇಳಿತ್ತು. ಅವಳಿಂದ ಅದೊಂದು ಬಿಟ್ಟುಹೋಗಿರಬೇಕು. ಅಷ್ಟೇ.

ಕಾಯಂ ಆಗಲಿ ಎಂದು ಹಾರೈಸುತ್ತೇನೆ.

ದೂಮಪ್ಪ

ಮಣಿಪಾಲ
17 ಫೆಬ್ರವರಿ 2025

ದೂಮಪ್ಪಜ್ಜನವರಿಗೆ ನಮಸ್ಕಾರ.

ಅಜ್ಜ ಎಂದರೆ ಕೋಪ ಇಲ್ಲವಲ್ಲ? ನಿಮ್ಮ ಕಾಗದವನ್ನು ಊಟದ ಹೊತ್ತಿನಲ್ಲಿ ಓದಿ ನಾನೊಬ್ಬಳೇ ನಕ್ಕೆ. ಎದುರು ಕೂತಿದ್ದ ಸಹೋದ್ಯೋಗಿ ಆಲಿಸ್ ನನ್ನ ಹಣೆ ಮುಟ್ಟಿ ನೋಡಿದಳು.

ನಿಮ್ಮ ಆ ತುಂಡು ಮೊಳೆ ಏನೆಲ್ಲ ಮಾಡಿದೆ ಗೊತ್ತೇ? ಈ ಮೂವತ್ತೇಳು ವರ್ಷಗಳಲ್ಲಿ ಪಂಡಿತರು ಅಕ್ಕುವನ್ನು ಹುಡುಕಿ ಹುಡುಕಿ ಸಾಕಾಗಿದ್ದಾರೆ. ಒಬ್ಬರು ಹನ್ನೊಂದು ಪುಟದ ಲೇಖನ ಬರೆದಿದ್ದಾರೆ. ಕೆಪಿ ಎಂದರೆ ಯಾವುದೋ ಉತ್ತರದ ಕಡಲತಡಿಯಲ್ಲಿ ಮೀನು ಹಿಡಿಯುತ್ತಿದ್ದವರ, ಈಗ ಸತ್ತುಹೋದ ಒಂದು ನುಡಿಯಂತೆ. ಅಕ್ಕು ಎಂಬ ಶಬ್ದ ಝೆಲೀಗಿಂತ ಹಳೆಯದಂತೆ. ಅವರು ಅದಕ್ಕೊಂದು ಮೂಲರೂಪ ಕಟ್ಟಿ, ಮುಂದೆ ನಕ್ಷತ್ರ ಹಾಕಿ, ಏಳು ವಿಭಕ್ತಿಯಲ್ಲೂ ನಡೆಸಿದ್ದಾರೆ. *ಅಕುವೆ ಎಂದರೆ ಅಕ್ಕುವಿನ. ಮೀನು ಹಿಡಿಯುವವರು ಎಂದದ್ದು ಮಾತ್ರ ಹೇಗೆ ಸರಿಯಾಯಿತೋ, ನೀವು ಕಾಪುವಿನವರಲ್ಲವೇ!

ಈಗ ನನಗೇ ಗೊಂದಲ. ಉತ್ತರ ಬರೆಯಲು ಕೂತರೆ ಕೈ ನಿಲ್ಲುತ್ತದೆ. ಅಕ್ಕು ಯಾರು? ನಿಮಗೆ ಸಂಬಂಧವೇ? ನಿಮ್ಮ ಕಾಗದ ನಾಲ್ಕು ಸಲ ಓದಿದೆ. ಆ ಅಮ್ಮ ಅದರಲ್ಲಿ ತಾನಾಗಿ ಏನೂ ಮಾಡುವುದಿಲ್ಲ. ‘ಅವಳಿಗೆ’ ಕೊಟ್ಟಿತ್ತು, ‘ಅವಳಿಗೇ’ ಹೇಳಿತ್ತು, ‘ಅವಳಿಂದ’ ಬಿಟ್ಟುಹೋಯಿತು. ದಿನವಿಡೀ ವಿಭಕ್ತಿ ಟೈಪ್ ಮಾಡಿ ನನ್ನ ತಲೆ ಹೀಗಾಗಿದೆ, ಬೈಯಬೇಡಿ. ಬಹುಶಃ ಅವರು ತೀರಿಕೊಂಡಿರಬೇಕು, ಅದಕ್ಕೇ ನಿಮಗೆ ಬರೆಯಲು ಕಷ್ಟವಾಗಿರಬೇಕು ಎಂದುಕೊಂಡೆ. ಹಾಗಿದ್ದರೆ ಕೆದಕಿದ್ದಕ್ಕೆ ಕ್ಷಮಿಸಿ.

ನೀವು ಬರೆದದ್ದನ್ನು ಹಾಗೆಯೇ ಸಂಪಾದಕರಿಗೆ ಕಳಿಸಬಹುದೇ?

ಸವಿತಾ

ಅಜೆಕಾರು
24 ಫೆಬ್ರವರಿ 2025

ಸವಿತಾ ಅವರಿಗೆ,

ಕಳಿಸಬಹುದು. ತುಂಡು ಕೀಳುವುದು ಮೊಳೆ ಬಿಡಿಸುವವರ ಕೆಲಸ. ಅದು 88ರಲ್ಲಿಯೇ ತೀರ್ಮಾನವಾದ ವಿಷಯ.

ನನಗೆ ವ್ಯಾಕರಣ ಪಾಠ ಬೇಡ. ಮೂವತ್ತು ವರ್ಷ ನಾಲ್ಕು ಭಾಷೆಯ ವ್ಯಾಕರಣವನ್ನು ತಲೆಕೆಳಗಾಗಿ ಜೋಡಿಸಿದವ ನಾನು.

ಹೆರಾಲ್ಡ್ ಕೊಡೆಯ ಬಗ್ಗೆ ಏನು ಹೇಳಿದ?

ದೂಮಪ್ಪ

ಮಣಿಪಾಲ
6 ಮಾರ್ಚ್ 2025

ದೂಮಪ್ಪಜ್ಜನವರಿಗೆ ನಮಸ್ಕಾರ.

ಕೊಡೆ ತನ್ನದೇ ಎಂದು ಹೆರಾಲ್ಡ್ ವಾದ ಮಾಡುತ್ತಾರೆ. ನಾನು ಮಧ್ಯೆ ಬರುವುದಿಲ್ಲ.

ಒಳ್ಳೆಯ ಸುದ್ದಿ. ಕಳೆದ ವಾರ ಉತ್ತರ ಕಳಿಸಿದೆ. ಸಂಪಾದಕರು ಕುಣಿದಾಡಿಬಿಟ್ಟಿದ್ದಾರೆ. ನಲವತ್ತು ವರ್ಷದ ಗಂಟು ಒಂದು ಮಿಂಚಂಚೆಯಲ್ಲಿ ಬಿಚ್ಚಿತು ಎಂದು ಲಾಯ್ಡ್ ಸರ್‌ಗೆ ಬರೆದಿದ್ದಾರೆ. ಸರ್ ನನ್ನ ಮೇಜಿಗೆ ಬಂದು, ಗುಡ್ ಎಂದರು. ಅವರ ಬಾಯಿಂದ ಆ ಮಾತು ಬಂದದ್ದನ್ನು ಈ ಕಚೇರಿಯಲ್ಲಿ ಯಾರೂ ಕೇಳಿರಲಿಲ್ಲ.

ಹೊಸ ಮುದ್ರಣದಲ್ಲಿ ಆಮೆಯ ಪುಟದ ಕೆಳಗೆ ಒಂದು ಟಿಪ್ಪಣಿ ಬರುತ್ತದೆ. ಅವರು ಕಳಿಸಿದ ಕರಡನ್ನು ಕನ್ನಡದಲ್ಲಿ ಬರೆಯುತ್ತೇನೆ: ‘ಮೊದಲ ಮುದ್ರಣದಲ್ಲಿದ್ದ ಅಕ್ಕು ಎಂಬ ರೂಪವು, ಅದೇ ಹೆಸರಿನ, ಮೊಳೆ ಬಿಡಿಸುವ ಹೆಂಗಸಿನ ಅಜಾಗರೂಕತೆಯಿಂದ ಉಳಿದುಕೊಂಡದ್ದು. ಅಂಥದ್ದು ಯಾವುದೂ ಇಲ್ಲ.’

ಇದನ್ನು ಮನೆಯಲ್ಲಿ ಅವ್ವನಿಗೆ ಹೇಳಿದೆ. ನಮ್ಮವ್ವ ಹನುಮವ್ವ, ಗಜೇಂದ್ರಗಡದ ಕಡೆಯವಳು. ಅಪ್ಪನ ಜೊತೆ ಗಾರೆ ಕೆಲಸಕ್ಕೆ ಉಡುಪಿಗೆ ಬಂದವಳು ಇಲ್ಲೇ ಉಳಿದಳು. ಮೇಸ್ತ್ರಿ ಕಟ್ಟಿದ ಗೋಡೆ ಬಿರುಕು ಬಿಟ್ಟರೆ ಅವನು ಮೊದಲು ಬೈಯುವುದು ಗಾರೆ ಕಲಸಿ ಕೊಟ್ಟ ಅವಳನ್ನೇ. ಎಲ್ಲ ಕೇಳಿ ಅವಳು ಒಂದೇ ಮಾತು ಹೇಳಿದಳು: “ಸತ್ತಾಕಿ ಮ್ಯಾಲ ತಪ್ಪು ಹಾಕಿದ್ರ, ಆಕಿ ಎದ್ದು ಬಂದು ಅಲ್ಲಂತಾಳೇನು?”

ನನಗೆ ಆ ಮಾತು ಯಾಕೋ ಹಿಡಿಸಲಿಲ್ಲ. ಆದರೆ ಇದ್ದದ್ದನ್ನೇ ಬರೆದಿದ್ದೇವೆ, ಅಲ್ವಾ ಅಜ್ಜ?

ಸವಿತಾ

ಅಜೆಕಾರು
10 ಮಾರ್ಚ್ 2025
ಬಸ್ಸಿನ ಕಂಡಕ್ಟರ್ ಉಜ್ವಲ್ ಕೈಯಲ್ಲಿ

ಸವಿತಾ,

ಅಂಚೆಗೆ ಕಾಯುವ ಹಾಗಿಲ್ಲ, ಅದಕ್ಕೆ ಬಸ್ಸಿನಲ್ಲಿ ಕಳಿಸುತ್ತಿದ್ದೇನೆ. ಆ ಟಿಪ್ಪಣಿಯನ್ನು ನಿಲ್ಲಿಸು. ಹೇಗಾದರೂ ಮಾಡಿ ನಿಲ್ಲಿಸು.

ಅಕ್ಕು ತೀರಿಕೊಂಡಳು ಎಂದು ನಾನು ಎಲ್ಲಿ ಬರೆದೆ ಮಾರಾಯ್ತಿ? ನೀನೇ ಕೊಂದೆ, ನಾನು ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಮೊದಲಿನಿಂದಲೂ ಅಭ್ಯಾಸ. ಅಕ್ಕು ನನ್ನ ಹೆಂಡತಿ. ಕಾಪುವಿನಲ್ಲಿ ಅವಳ ತಮ್ಮನ ಮನೆಯಲ್ಲಿ ಇದ್ದಾಳೆ. ಹೋದ ವರ್ಷ ಯಶ್ವಂತ್ ಅವಳನ್ನು ಮೀನು ಮಾರುಕಟ್ಟೆಯಲ್ಲಿ ಕಂಡಿದ್ದಾನೆ.

ಇನ್ನು ಉಳಿದದ್ದನ್ನೂ ಬರೆದುಬಿಡುತ್ತೇನೆ. ಆಮೆಯ ಪುಟಕ್ಕೆ ಎರಡು ಸಲ ತಿದ್ದುಪಡಿ ಬಂತು. ಮೊದಲ ಸಲ ಅಕ್ಕು ತುಂಡು ಕಿತ್ತು, ಪುಟ ಒರೆಸಿ, ಸರಿ ಇದೆ ಎಂದು ಸೀಮೆಸುಣ್ಣದ ಗುರುತು ಹಾಕಿದಳು. ಅದಾದ ಮೇಲೆ ಗ್ರಂಥಕರ್ತರ ಇನ್ನೊಂದು ತಿದ್ದುಪಡಿ ಬಂತು. ನಾನು ಪುಟ ಬಿಚ್ಚಿದೆ, ಆ ತುಂಡನ್ನು ಪುನಃ ಸೇರಿಸಿದೆ, ಅವಳಿಗೆ ಹೇಳಲಿಲ್ಲ, ತೆಗೆಯಲು ಮರೆತೆ. ಅವಳ ಗುರುತು ಮೊದಲೇ ಇತ್ತು. ಪುಟ ಹಾಗೆಯೇ ಮೆಷಿನ್ನಿಗೆ ಹೋಯಿತು.

ಹಾಳೆಗಳೆಲ್ಲ ಅಚ್ಚಾಗಿ ಮಡಚಿದ ಮೇಲೆ ಫೋರ್‌ಮನ್ ಕಂಡುಹಿಡಿದರು. ಮತ್ತೆ ಅಚ್ಚು ಹಾಕಲು ಕಾಗದ ಇರಲಿಲ್ಲ. ಈ ಭಾಷೆಯಲ್ಲಿ ಯಾರಿಗೆ ಗೊತ್ತಾಗುತ್ತದೆ, ಹೋಗಲಿ ಬಿಡಿ ಎಂದು ಮ್ಯಾನೇಜರು ಹೇಳಿದರು. ಗ್ರಂಥಕರ್ತರಿಗೂ ಗೊತ್ತಾಗಲಿಲ್ಲ, ಪುಸ್ತಕ ಅವರ ಊರು ತಲುಪುವ ಮೊದಲೇ ತೀರಿಕೊಂಡಿದ್ದರು. ಆದರೆ ಫೋರ್‌ಮನ್ ಬಿಡಲಿಲ್ಲ. ಎಲ್ಲರನ್ನೂ ನಿಲ್ಲಿಸಿ, ಇದನ್ನು ಕೀಳಬೇಕಾದವರು ಯಾರು ಎಂದು ಕೇಳಿದರು. ಅದು ನಾನು ಮೊಳೆ ಜೋಡಿಸುವವರಿಗೆಲ್ಲ ಹೆಡ್ ಆಗಬೇಕಾಗಿದ್ದ ವರ್ಷ. ಮುನ್ನುಡಿಯಲ್ಲಿ ನನ್ನ ಹೆಸರು ಬೇರೆ ಬಂದಿತ್ತು. ನಾನು ಬಾಯಿ ಬಿಡಲಿಲ್ಲ. ಬೆರಳು ಎತ್ತಿ ಅವಳ ಕಡೆ ತೋರಿಸಿದೆ.

ಅವಳು ಸೀಮೆಎಣ್ಣೆಯ ಬಟ್ಟೆ ಹಿಡಿದು ನಿಂತಿದ್ದಳು. ನಾಳೆಯಿಂದ ಬರಬೇಡ ಎಂದರು. ಕೈ ತೊಳೆದು, ನನ್ನ ಮುಖ ನೋಡದೆ, ಸಂಜೆಯ ಬಸ್ಸಿಗೆ ಕಾಪುವಿಗೆ ಹೋದಳು. ವಾರದಲ್ಲಿ ಬರುತ್ತಾಳೆ ಎಂದುಕೊಂಡೆ. ಮಕ್ಕಳಿರಲಿಲ್ಲ, ಕರೆದು ತರಲು ನೆಪವೂ ಇರಲಿಲ್ಲ. ಯಾವ ಮುಖ ಹೊತ್ತು ಹೋಗುವುದು ಎಂದು ಒಂದು ವರ್ಷ ಹೋಯಿತು. ಆಮೇಲೆ ವರ್ಷಗಳು ತಾವೇ ಹೋದವು.

ಮಾಡದ ತಪ್ಪನ್ನು ಒಂದು ಸಲ ಪ್ರೆಸ್ಸಿನೊಳಗೆ ಅವಳ ತಲೆಗೆ ಕಟ್ಟಿದೆ. ಈಗ ಅದನ್ನೇ ಅಚ್ಚು ಹಾಕಿಸಿ ಪ್ರಪಂಚಕ್ಕೆಲ್ಲ ಹಂಚಲು ಹೊರಟಿದ್ದೇನೆ. ಅಜಾಗರೂಕತೆ ದೂಮಪ್ಪನದು ಎಂದು ಹಾಕಿಸು. ಮುನ್ನುಡಿಯಿಂದ ನನ್ನ ಹೆಸರು ತೆಗೆಸು. ನಿನಗೆ ಇದರಿಂದ ಕೆಲಸದಲ್ಲಿ ತೊಂದರೆ ಆಗಬಹುದು, ಗೊತ್ತುಂಟು. ಆದರೂ ಕೇಳುತ್ತಿದ್ದೇನೆ.

ದೂಮಪ್ಪ

ಮಣಿಪಾಲ
19 ಮಾರ್ಚ್ 2025

ಅಜ್ಜಾ,

ನಿಮ್ಮ ಕಾಗದ ಓದಿ ನಿಮ್ಮ ಮೇಲೆ ಸಿಟ್ಟು ಬಂತು. ಸುಳ್ಳು ಹೇಳುವುದಿಲ್ಲ. ಆ ಉತ್ತರದ ಕೆಳಗೆ ಇರುವುದು ನನ್ನ ಹೆಸರು. ಅವ್ವನ ಮಾತು ಕಿವಿಯಲ್ಲೇ ಕೂತಿತು.

ಸಂಪಾದಕರಿಗೆ ‘ಸ್ವಲ್ಪ ತಡೆಯಿರಿ’ ಎಂದು ಬರೆದೆ. ಲಾಯ್ಡ್ ಸರ್ ಮುಖ ಸಪ್ಪಗಾಯಿತು. ಕೊಟ್ಟ ಉತ್ತರವನ್ನು ಹಿಂದೆ ತೆಗೆದುಕೊಳ್ಳುವವರನ್ನು ಕಾಯಂ ಮಾಡುವುದು ಹೇಗೆ ಎಂದು ಕೇಳಿದರು. ಏಳನೇ ತಾರೀಖಿನೊಳಗೆ ಸರಿಯಾದ ಉತ್ತರ ಸಾಕ್ಷಿ ಸಹಿತ ಕೊಡುತ್ತೇನೆ ಎಂದು ಧೈರ್ಯ ಮಾಡಿ ಹೇಳಿದೆ. ಸಾಕ್ಷಿ ಎಲ್ಲಿಂದ? ಹಾಗಾಗಿ ಭಾನುವಾರ ನಿಮ್ಮನ್ನು ಕೇಳದೆ ಕಾಪುವಿಗೆ ಹೋದೆ. ಬೈಯುವುದಾದರೆ ಕಾಗದ ಪೂರ್ತಿ ಓದಿ ಬೈಯಿರಿ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಪ್ರೆಸ್ಸಿನ ಅಕ್ಕು ಎಂದರೆ ಈಗಲೂ ಅಲ್ಲಿ ಎಲ್ಲರಿಗೂ ಗೊತ್ತು. ಅಂಗಳದಲ್ಲಿ ಬಂಗುಡೆ ಮೀನು ಒಣಹಾಕಿ, ಕಾಗೆ ಓಡಿಸಲು ಒಂದು ಕೋಲು ಹಿಡಿದು ಕೂತಿದ್ದರು. ತೆಳ್ಳಗೆ, ನೆಟ್ಟಗೆ. ತುಳುವಿನಲ್ಲಿ ಮಾತಾಡಿದರು, ನಾನೂ ಉಡುಪಿಯಲ್ಲೇ ಬೆಳೆದವಳಾದ್ದರಿಂದ ತೊಂದರೆ ಆಗಲಿಲ್ಲ. ಮಣಿಪಾಲದಿಂದ, ಆ ಪುಸ್ತಕದ ವಿಷಯಕ್ಕೆ ಎಂದ ಕೂಡಲೇ ಕೋಲು ಕೆಳಗಿಟ್ಟರು.

412ನೇ ಪುಟದ ಪ್ರತಿಯನ್ನು ಕೈಗೆ ಕೊಟ್ಟೆ. ಅವರು ಏನು ಮಾಡಿದರು ಗೊತ್ತೇ? ಹಾಳೆಯನ್ನು ತಿರುಗಿಸಿ, ಹಿಂಭಾಗದಿಂದ ಬಿಸಿಲಿಗೆ ಹಿಡಿದರು. ನನಗೆ ಅರ್ಥವಾಗಲಿಲ್ಲ. ಅಕ್ಷರ ಕಲಿತದ್ದು ಮೊಳೆ ನೋಡಿ, ಮೊಳೆಯಲ್ಲಿ ಎಲ್ಲ ತಿರುಗುಮುರುಗು, ಸರಿಯಾಗಿ ಅಚ್ಚಾದದ್ದು ನನಗೆ ಓದಲು ಬರುವುದಿಲ್ಲ ಎಂದರು. ಮೂರು ಉಸಿರಿನೊಳಗೆ ಏಳನೇ ಸಾಲಿಗೆ ಬೆರಳಿಟ್ಟರು.

ನಿಮ್ಮ ಕಾಗದದಲ್ಲಿದ್ದದ್ದನ್ನೆಲ್ಲ ಹೇಳಿದೆ. ಎರಡನೇ ತಿದ್ದುಪಡಿ, ನೀವು ಹೇಳದೆ ಸೇರಿಸಿದ ತುಂಡು, ಮರೆತದ್ದು. ಆಮೇಲೆ ಹೇಳಿದ್ದನ್ನು ನಾನು ಅಲ್ಲೇ ಬರೆದುಕೊಂಡೆ, ಕನ್ನಡ ಮಾಡಿದ್ದಷ್ಟೇ ನನ್ನದು:

“ಅವರು ಹೇಳದಿದ್ದರೆ ಎಂತ, ನನಗೆ ಕಣ್ಣಿಲ್ಲವಾ? ಎರಡನೇ ಸಲವೂ ಆ ಪುಟ ಒರೆಸಿದ್ದು ನಾನೇ. ನನ್ನ ಹೆಸರನ್ನು ನಾನು ನೋಡಿದೆ. ಬೇಕೆಂದೇ ಬಿಟ್ಟೆ.”

ಕಾರಣ ಕೇಳಿದೆ. ಮುನ್ನುಡಿಯ ಅಚ್ಚು ಬಂದ ದಿನ ನೀವು ಮನೆಯಲ್ಲಿ ಅದನ್ನು ಎರಡು ಸಲ ಓದಿ ಹೇಳಿದಿರಂತೆ. ಆ ಪುಸ್ತಕದ ಒಂದೊಂದು ಮೊಳೆಯೂ ಎರಡೆರಡು ಸಲ ಅವರ ಕೈಯಿಂದ ದಾಟಿದೆ. ಕಳೆದುಹೋದ ಅಕ್ಷರಗಳನ್ನು ನೆಲ ಗುಡಿಸಿ ಹುಡುಕಿ ಕೊಟ್ಟವರು ಅವರು. ನನ್ನ ಹೆಸರು ಎಲ್ಲುಂಟು ಎಂದು ಅವರು ಕೇಳಿದರಂತೆ. ಹೆಂಗಸರ ಹೆಸರನ್ನು ಯಾರು ಹಾಕುತ್ತಾರೆ ಎಂದು ನೀವು ನಕ್ಕಿರಂತೆ. ಮಾರನೇ ದಿನ ಆಮೆಯ ಪುಟ ಒರೆಸಲು ಬಂತು, ಅದರಲ್ಲಿ ಅವರ ಹೆಸರು ಇತ್ತು. ಇರಲಿ ಎಂದು ಬಿಟ್ಟರು. ನಿಮಗೆ ಇದು ನೆನಪುಂಟೇ ಅಜ್ಜ? ನಿಮ್ಮ ಕಾಗದದಲ್ಲಿ ಇದು ಎಲ್ಲಿಯೂ ಇಲ್ಲ.

ಹಾಗಾದರೆ ತಪ್ಪು ಯಾರದ್ದು ಎಂದು ನನಗೆ ತಲೆ ಕೆಟ್ಟುಹೋಯಿತು. ಅದನ್ನೇ ಕೇಳಿಬಿಟ್ಟೆ. ಅವರು ಹಾಳೆಯನ್ನು ಮಡಚಿದರು.

“ತಪ್ಪು ನನ್ನದೇ. ಆದರೆ ಅದು ಅವರಿಗೆ ಗೊತ್ತಿರಲಿಲ್ಲ, ಅಲ್ವಾ? ಗೊತ್ತಿಲ್ಲದೆಯೇ ಬೆರಳು ತೋರಿಸಿದರು.”

ಮೀನಿನ ಮೇಲೆ ಕಾಗೆ ಕೂತದ್ದೂ ಇಬ್ಬರಿಗೂ ಗೊತ್ತಾಗಲಿಲ್ಲ. ಹೊರಡುವಾಗ, ಆ ಪುಟದಲ್ಲಿ ಇರುವುದು ಎಂತ ಎಂದು ಕೇಳಿದರು. ಇಷ್ಟು ವರ್ಷ ಅವರಿಗೆ ಅದು ಗೊತ್ತಿರಲಿಲ್ಲ. ಆಮೆ ಎಂದೆ. ಮೊದಲ ಸಲ ನಕ್ಕರು. ಬಲೆಗೆ ಆಮೆ ಬಿದ್ದರೆ ತಮ್ಮನವರು ಕೈ ಮುಗಿದು ಕಡಲಿಗೇ ಬಿಡುತ್ತಾರಂತೆ. ನನ್ನನ್ನು ಅದರ ಬಾಲಕ್ಕೆ ಕಟ್ಟಿದ್ದಾರೆ ನೋಡು, ಯಾವ ಯಾವ ಊರು ಸುತ್ತಿದೆನೋ ಎಂದರು. ಗೇಟಿನ ತನಕ ಬಂದು, ಅವರ ಕಿವಿ ಪೂರ್ತಿ ಹೋಯಿತಾ ಎಂದು ಕೇಳಿದರು. ಹೌದು ಎಂದೆ.

ಈಗ ನಾನು ಏನು ಬರೆಯಲಿ? ಅಜಾಗರೂಕತೆ ಅಕ್ಕುವಿನದು ಎಂದರೆ ಸುಳ್ಳು. ನಿಮ್ಮದು ಎಂದರೂ ಪೂರ್ತಿ ನಿಜವಲ್ಲ. ಅಜಾಗರೂಕತೆ ಎಂಬುದೇ ಅಲ್ಲಿ ಇರಲಿಲ್ಲ. ಹೆಸರನ್ನು ತೆಗೆಯಬೇಕೋ ಇಡಬೇಕೋ ಅದೂ ತಿಳಿಯುತ್ತಿಲ್ಲ. ಅವರನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಅದು ನೀವು ಕೇಳಬೇಕಾದ್ದು ಎಂದು ನನಗೆ ಅನಿಸುತ್ತದೆ.

ಸವಿತಾ

ಮಣಿಪಾಲ
28 ಮಾರ್ಚ್ 2025

ಅಜ್ಜಾ,

ನಿಮ್ಮಿಂದ ಉತ್ತರ ಇಲ್ಲ. ಉಜ್ವಲ್ ಹತ್ತಿರ ಕೇಳಿದೆ, ಕಾಗದ ಯಶ್ವಂತ್ ಕೈಗೇ ಕೊಟ್ಟಿದ್ದೇನೆ ಎಂದರು. ಹೆಚ್ಚು ಬರೆದುಬಿಟ್ಟೆನೇ? ಆರೋಗ್ಯ ತಪ್ಪಿತೇ? ಆಲಿಸ್ ಹೇಳುತ್ತಾಳೆ, ಮುದುಕರಿಗೆ ಇಂಥದ್ದನ್ನೆಲ್ಲ ಬರೆಯಬಾರದಿತ್ತು ಎಂದು.

ಸಂಪಾದಕರು ನಿನ್ನೆ ಪುನಃ ಕೇಳಿದರು. ಲಾಯ್ಡ್ ಸರ್ ಹಳೆಯ ಉತ್ತರವನ್ನೇ ಗಟ್ಟಿ ಮಾಡು, ಮುಗಿಸು ಎನ್ನುತ್ತಾರೆ. ನಾನು ಮಾಡುವುದಿಲ್ಲ. ಕಾಯಂ ಆಗದಿದ್ದರೆ ಅವ್ವನ ಜೊತೆ ಕಲ್ಲು ಹೊರಲು ಬರುತ್ತದೆ ನನಗೆ. ಆದರೆ ಏಳನೇ ತಾರೀಖಿಗೆ ಖಾಲಿ ಕೈಯಲ್ಲಿ ನಿಲ್ಲಿಸಬೇಡಿ. ಒಂದು ಸಾಲಾದರೂ ಬರೆಯಿರಿ.

ಸವಿತಾ

ಕಾಪು
2 ಏಪ್ರಿಲ್ 2025

ಸವಿತಾ,

ಮೇಲಿನ ಊರಿನ ಹೆಸರು ನೋಡಿ ಗಾಬರಿ ಆಗಬೇಡ. ಆರೋಗ್ಯಕ್ಕೆ ಏನೂ ಆಗಿಲ್ಲ. ಯಶ್ವಂತ್ ನಿನ್ನ ಎರಡನೇ ಕಾಗದವನ್ನು ಇಲ್ಲಿಗೇ ತಂದುಕೊಟ್ಟ. ಇದನ್ನೂ ಅವನೇ ತರುತ್ತಾನೆ.

ಮುನ್ನುಡಿಯ ದಿನ ನಾನು ನಕ್ಕದ್ದು ನನಗೆ ನೆನಪಿಲ್ಲ. ಎಷ್ಟು ತಡಕಾಡಿದರೂ ನೆನಪಿಗೆ ಬರಲಿಲ್ಲ. ಬೆರಳು ತೋರಿಸಿದ್ದನ್ನು ಮೂವತ್ತೇಳು ವರ್ಷ ಹೊತ್ತು ತಿರುಗಿದೆ, ಅದೇ ನನ್ನ ದೊಡ್ಡ ಪಾಪ ಎಂದುಕೊಂಡೆ. ಅದಕ್ಕಿಂತ ಮೊದಲು ಇನ್ನೊಂದು ಇತ್ತು, ಅದು ನನ್ನ ಲೆಕ್ಕದಲ್ಲೇ ಇರಲಿಲ್ಲ. ಒಂದು ವಾರ ಗೋಡೆ ನೋಡಿಕೊಂಡು ಕೂತೆ. ಉತ್ತರ ಬರೆಯದ್ದು ಅದಕ್ಕೆ.

ಭಾನುವಾರ ಕಾರ್ಕಳಕ್ಕೆ ಬಂದು, ಬೆಳ್ಮಣ್ ದಾರಿಯ ಬಸ್ಸು ಹಿಡಿದು, ಪಡುಬಿದ್ರಿಯಲ್ಲಿ ಇಳಿದು ಇನ್ನೊಂದು ಬಸ್ಸು. ಒಟ್ಟು ಎರಡು ಗಂಟೆಯ ದಾರಿ. ಇಷ್ಟು ಹತ್ತಿರ ಎಂದು ಬಸ್ಸಿನಲ್ಲಿ ಕೂತ ಮೇಲೆ ಗೊತ್ತಾಯಿತು. ನಾಚಿಕೆಯಾಯಿತು.

ಅವಳು ಅಂಗಳದಲ್ಲಿ ಇದ್ದಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ನಾನು ಮಾತಾಡಿದೆ. ಕಿವುಡನ ಮಾತು, ನನಗೆ ಮೆಲ್ಲಗೆ ಎನಿಸಿದ್ದು ನಾಲ್ಕು ಮನೆಗೆ ಕೇಳಿತಂತೆ. ಎಲ್ಲರೂ ಹೊರಗೆ ಬಂದು ನಿಂತರು. ಅವರ ಎದುರಿಗೇ ಹೇಳಿದೆ, ಗೊತ್ತಿಲ್ಲದೆ ಬೆರಳು ತೋರಿಸಿದ್ದು ತಪ್ಪು, ಗೊತ್ತಿದ್ದರೂ ತೋರಿಸಬಾರದಿತ್ತು. ಹೆಸರು ಕೇಳಿದಾಗ ನಕ್ಕದ್ದು ಅದಕ್ಕಿಂತ ದೊಡ್ಡ ತಪ್ಪು. ಅವಳ ಬಾಯಿ ಆಡಿತು. ಏನು ಹೇಳಿದಳು ಎಂದು ನನಗೆ ಕೇಳಲಿಲ್ಲ. ಎರಡು ಸಲ ಹೇಳಿದಳು, ಎರಡು ಸಲವೂ ಕೇಳಲಿಲ್ಲ. ಅಷ್ಟು ವರ್ಷ ಆದ ಮೇಲೆ ಹೋಗಿ ಅದೂ ಕೇಳದೆ ಹೋಯಿತಲ್ಲ ಎಂದು ಅಳು ಬಂತು, ಅತ್ತೆ. ಯಶ್ವಂತನಿಗೆ ಹೇಳಬೇಡ.

ಆಮೇಲೆ ಕೇಳಿದೆ, ಪುಸ್ತಕದಲ್ಲಿ ನಿನ್ನ ಹೆಸರು ಇರಲೋ, ತೆಗೆಸಲೋ ಎಂದು. ಅವಳು ಮೀನಿನ ನೀರಿನಲ್ಲಿ ಬೆರಳು ಅದ್ದಿ, ಕಲ್ಲಿನ ಕಟ್ಟೆಯ ಮೇಲೆ ಬರೆದಳು. ಪ್ರೆಸ್ಸಿನ ಇಂಗ್ಲಿಷ್ ಅಕ್ಷರ, ತಿರುಗುಮುರುಗು. ಬೇರೆ ಯಾರಿಗೂ ಓದಲು ಬರುವಂಥದ್ದಲ್ಲ. ನನಗೆ ಬಂತು. ಕೆಪಿ ಎಂದು ಇತ್ತು.

ಆ ಮೇಲೆ ಕಾಗೆ ಓಡಿಸುವ ಕೋಲನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಇದು ನಾಲ್ಕನೇ ದಿನ. ಕೋಲು ನನ್ನ ಕೈಯಲ್ಲೇ ಉಂಟು. ಮುಂದೆ ಏನು ಎಂದು ನನಗೆ ತಿಳಿಯುವುದಿಲ್ಲ. ಅವಳಿಗೂ ತಿಳಿದ ಹಾಗೆ ಕಾಣುವುದಿಲ್ಲ. ಊಟಕ್ಕೆ ಕರೆಯುವಾಗ ಕಟ್ಟೆ ತಟ್ಟುತ್ತಾಳೆ, ಕಲ್ಲು ಅದುರುವುದು ಕೈಗೆ ಗೊತ್ತಾಗುತ್ತದೆ.

ಲಾಯ್ಡ್ ಅವರಿಗೆ ನಡೆದದ್ದನ್ನೆಲ್ಲ ಬೇರೆ ಕಾಗದದಲ್ಲಿ ಬರೆದು ಸಹಿ ಹಾಕಿದ್ದೇನೆ. ಕೆಳಗೆ ಅವಳ ಸಹಿಯೂ ಉಂಟು. ಓದಬೇಕಾದರೆ ಬೆಳಕಿಗೆ ಹಿಡಿಯಲು ಹೇಳು. ನಿನ್ನ ಸಾಕ್ಷಿ ಅದು. ಟಿಪ್ಪಣಿ ಹೀಗೆ ಇರಲಿ. ಒಂದೊಂದು ವಾಕ್ಯವನ್ನೂ ಅವಳಿಗೆ ತೋರಿಸಿ ಬರೆದದ್ದು, ನಿಮ್ಮವರು ಬದಲಿಸದ ಹಾಗೆ ನೋಡಿಕೋ:

‘ಕೆಪಿ. ಅಕ್ಕು: ಇದು ಆಮೆಯ ಹೆಸರಲ್ಲ. ಈ ಪುಸ್ತಕದ ಮೊಳೆಗಳನ್ನು ಅಕ್ಕು ಬಿಡಿಸಿದಳು, ಹುಡುಕಿದಳು, ಒರೆಸಿದಳು. ಅವಳಿಗಾಗಿ ದೂಮಪ್ಪ ಇಟ್ಟಿದ್ದ ಈ ಗುರುತನ್ನು ಅಕ್ಕು ಕಂಡಳು. ಅಕ್ಕು ಇದನ್ನು ಬಿಟ್ಟಳು.’

ಇನ್ನೊಂದು ಮಾತು. ಹನ್ನೊಂದು ಪುಟ ಬರೆದ ಆ ಪಂಡಿತರು ಅವಳ ಹೆಸರಿಗೆ ನಕ್ಷತ್ರ ಹಾಕಿದ್ದಾರೆ ಎಂದು ನೀನು ಬರೆದಿದ್ದೆ. ಹೊಸ ಪುಸ್ತಕದಲ್ಲಿ ಅದು ಬೇಡ. ಯಾರೂ ಕಣ್ಣಾರೆ ಕಾಣದ್ದಕ್ಕೆ ಅಲ್ವಾ ನಕ್ಷತ್ರ? ನಾನು ಇಲ್ಲಿ ಕೂತು ಅವಳನ್ನು ನೋಡುತ್ತಿದ್ದೇನೆ.

ದೂಮಪ್ಪ